ಹಿತ್ತಿಲ ಡ್ರಮ್ಮು, ಗೋಡೆಯಾಚೆ ಕೊಬ್ಬರಿ

ಹಸಿ ಕಸ ಕೊಳೆಸಿ ಗೊಬ್ಬರ ಮಾಡೋದರಲ್ಲಿ ನಗೋಕೇನಿದೆ ಅಂತ ಕೇಳಬೇಡಿ. ಅರಸೀಕೆರೆಯ ನಮ್ಮ ಹಿತ್ತಿಲಲ್ಲಿ ವಾರಕ್ಕೊಂದಾದರೂ ತಮಾಷೆ ನಡೆಯುತ್ತಿತ್ತು. ಆಗ ನಮ್ಮತ್ತೆ ಇದ್ದರು. ಈಗಲೂ ಡ್ರಮ್ಮಿನ ಮುಚ್ಚಳ ತೆಗೆದರೆ ಮೊದಲು ನೆನಪಾಗೋದು ಅವರ ಮಾತೇ.

೧. ತಟ್ಟೆಯ ಹೂವು

ನಾನು ಸ್ಕೂಲ್ ಟೀಚರು. ಗೊಬ್ಬರದ ಬಗ್ಗೆ ಒಂದು ದಿನದ ತರಬೇತಿ ಮುಗಿಸಿ ಬಂದವಳೇ ಪ್ಲಾಸ್ಟಿಕ್ ಡ್ರಮ್ಮಿಗೆ ತೂತು ಹೊಡೆಸಿ, ತರಕಾರಿ ಸಿಪ್ಪೆ ಜೊತೆಗೆ ಮಿಕ್ಕ ಅನ್ನ, ಸಾರು, ಒಬ್ಬಟ್ಟಿನ ಚೂರು ಎಲ್ಲಾ ಸುರಿದೆ. ನಾಲ್ಕೇ ದಿನಕ್ಕೆ ಇಲಿಗಳು ಸಂಸಾರ ಸಮೇತ ಬಂದವು.

ಗೋಡೆಯಾಚೆ ಕೊಬ್ಬರಿ ಸಾಹುಕಾರರ ಮನೆ. ಅಟ್ಟದ ತುಂಬ ಕೊಬ್ಬರಿ. ಅವರು ಬಂದು, "ಟೀಚರಮ್ಮ, ನಿಮ್ಮ ಇಲಿ ನಮ್ಮ ಅಟ್ಟ ಹತ್ತಿದ್ರೆ ನಾನು ಕೆಟ್ಟೆ. ಯುಗಾದಿ ತನಕ ನೋಡ್ತೀನಿ. ಆಮೇಲೆ ಡ್ರಮ್ಮು ಇರಬಾರದು" ಅಂದು ಹೋದರು.

ನಾನು ಅತ್ತೆಯನ್ನು ಕೇಳಿದೆ: "ಮಾದಿಹಳ್ಳೀಲಿ ನಿಮ್ಮನೆ ಹಿಂದೆ ಅಷ್ಟು ದೊಡ್ಡ ತಿಪ್ಪೆ ಇತ್ತಲ್ಲ, ಇಲಿ ಬರ್ತಿರಲಿಲ್ವಾ?"

"ಬಂದು ಏನ್ ಮಾಡ್ತವೆ? ಏಳು ಮಕ್ಳು ಉಂಡೆದ್ದ ಮೇಲೆ ತಟ್ಟೇಲಿ ಹೂವಿನ ಚಿತ್ರ ಬಿಟ್ರೆ ಇನ್ನೇನೂ ಉಳೀತಿರ್ಲಿಲ್ಲ ಕಣವ್ವ."

೨. ಕಾವಲಿನ ಬೆಕ್ಕು

ಅವತ್ತಿನಿಂದ ಬೇಯಿಸಿದ್ದು ಹಾಕೋದು ಬಿಟ್ಟೆ. ಆದರೆ ರುಚಿ ಕಂಡ ಇಲಿಗಳು ಬಿಡಬೇಕಲ್ಲ. ಹಳೇಬೀಡಿನ ನಾದಿನಿ "ಇದು ಭಾರಿ ಶೂರ" ಅಂತ ಒಂದು ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದು ಬಿಟ್ಟಳು.

ಚಳಿಗಾಲ. ಒಳಗೆ ಗೊಬ್ಬರ ಕಾವಿಗೆ ಬಂದು ಮುಚ್ಚಳ ಬೆಚ್ಚಗಿತ್ತು. ಬೆಳಗ್ಗೆ ನೋಡಿದರೆ ಶೂರ ಮುಚ್ಚಳದ ಮೇಲೆ ಸುರುಳಿ ಸುತ್ತಿ ಮಲಗಿದೆ, ಕೆಳಗಿನ ತೂತಿನಲ್ಲಿ ಇಲಿಗಳು ಓಡಾಡುತ್ತಿವೆ. ತಟ್ಟಿ ಎಬ್ಬಿಸಿದೆ. ಮಗ್ಗುಲು ಬದಲಾಯಿಸಿತು.

"ಇದನ್ನ ಕಾವಲಿಗೆ ಕರೆಸಿದ್ದಾ, ನೆಂಟಸ್ತನಕ್ಕೆ ಕರೆಸಿದ್ದಾ?" ಅಂತ ನಮ್ಮನೆಯವರು ರೇಗಿದರು.

ಅತ್ತೆ ಶಾಲು ಬಿಗಿಯಾಗಿ ಹೊದ್ದುಕೊಂಡು, "ಬಿಡ್ಲಾ, ಪಾಪ. ಅಲ್ಲಿ ಜಾಗ ಐತಾ ನೋಡು, ನಂಗೂ ಒಂದು ಚಾಪೆ ಹಾಕು" ಅಂದರು.

೩. ಭದ್ರವಾದ ಬೀಗ

ಕೊನೆಗೆ ನಮ್ಮನೆಯವರೇ ಟೊಂಕ ಕಟ್ಟಿ ನಿಂತರು. ತೂತುಗಳಿಗೆಲ್ಲ ಸಣ್ಣ ಕಣ್ಣಿನ ತಂತಿ ಜಾಲರಿ, ಡ್ರಮ್ಮಿನಡಿಗೆ ಇಟ್ಟಿಗೆ, ಮುಚ್ಚಳಕ್ಕೊಂದು ಬೀಗ. ಸಿಪ್ಪೆ ಹಾಕಿದಾಗಲೆಲ್ಲ ಮೇಲೆ ತೆಂಗಿನ ನಾರಿನ ಪುಡಿ ದಪ್ಪಗೆ ಮುಚ್ಚುವುದು ನನ್ನ ಕೆಲಸ. ವಾಸನೆ ನಿಂತಿತು, ಇಲಿಗಳ ಓಡಾಟವೂ ನಿಂತಿತು.

ಒಂದು ದಿನ ಇವರು ಬಗ್ಗಿ ಗೊಬ್ಬರ ಕೆದಕಿ, ಮುಚ್ಚಳ ಹಾಕಿ, ಬೀಗ ಒತ್ತಿ ಬಂದರು. ಮಾರನೆ ದಿನ ಬೀಗದ ಕೈ ಇಲ್ಲ. ಮನೆಯೆಲ್ಲ ಜಾಲಾಡಿದೆವು.

"ಕೊನೇಗೆ ಎಲ್ಲಿ ಇಟ್ಟಿದ್ದೆ?" ಅತ್ತೆ ಕೇಳಿದರು.

"ಶರ್ಟಿನ ಜೇಬಲ್ಲಿ. ಬಗ್ಗಿದಾಗ..." ಅಂದವರು ಅಲ್ಲಿಗೇ ನಿಲ್ಲಿಸಿ ಡ್ರಮ್ಮಿನ ಕಡೆ ನೋಡಿದರು.

"ಸರಿ ಬಿಡು. ಇಲಿ ಕೈಗಂತೂ ಸಿಗಾಕಿಲ್ಲ."

೪. ಸಾಹುಕಾರರ ತೀರ್ಪು

ಬೀಗ ಒಡೆಸಿ ಗೊಬ್ಬರ ಹೊರಗೆ ತೆಗೆಯುವ ಹೊತ್ತಿಗೆ ಯುಗಾದಿ ಬಂತು. ಹಿಂದೆಯೇ ಸಾಹುಕಾರರೂ ಬಂದರು. ಡ್ರಮ್ಮಿನ ಸುತ್ತ ತಿರುಗಿದರು, ಇಟ್ಟಿಗೆ ಸರಿಸಿದರು, ಹಿಕ್ಕೆ ಹುಡುಕಿದರು. ಒಂದೂ ಸಿಗಲಿಲ್ಲ.

"ವಾಸನೆ?" ಅಂದರು.

"ನೀವೇ ನೋಡಿ ಸಾವ್ಕಾರ್ರೆ" ಅಂತ ಅತ್ತೆ ಜರಡಿ ಹಿಡಿದ ಗೊಬ್ಬರ ಒಂದು ಹಿಡಿ ಅವರ ಅಂಗೈಗೆ ಹಾಕಿದರು.

ಸಾಹುಕಾರರ ಜನ್ಮವೆಲ್ಲ ಕೊಬ್ಬರಿ ಮಂಡಿಯ ವ್ಯಾಪಾರದಲ್ಲಿ ಕಳೆದಿದೆ. ಅಂಗೈಗೆ ಮಾಲು ಬಿದ್ದರೆ ಮೂಸುವುದು, ಚೂರು ಬಾಯಿಗೆ ಹಾಕುವುದು, ಕಣ್ಣು ಮುಚ್ಚಿ ಯೋಚಿಸುವುದು. ಅವತ್ತೂ ಮೂಸಿದರು. ನಾನು "ಅಯ್ಯೋ" ಅನ್ನುವಷ್ಟರಲ್ಲಿ ಬಾಯಿಗೆ ಹಾಕಿದರು. ಕಣ್ಣು ಮುಚ್ಚಿದರು. ಆಮೇಲೆ ಕಣ್ಣು ಮೆಲ್ಲಗೆ, ತುಂಬ ದೊಡ್ಡದಾಗಿ ತೆರೆಯಿತು.

ಅತ್ತೆ ವಿನಯದಿಂದ, "ಹೆಂಗೈತೆ?" ಅಂತ ಕೇಳಿದರು.

ಸಾಹುಕಾರರು ಗಂಟಲು ಸರಿಮಾಡಿಕೊಂಡು, ಮಂಡಿಯ ಗತ್ತು ಬಿಡದೆ ಹೇಳಿದರು:

"ಡ್ರಮ್ಮು ಇರ್ಲಿ ಬಿಡಿ. ಮಾಲೇನೋ ಒಳ್ಳೇದೇ. ಇನ್ನೆರಡು ಬಿಸಿಲು ಒಣಗ್ಬೇಕು."