ಮಾಳಿಗೆಯ ಮೇಲಿನ ಮೋಟಾರುಗಳು

ಯಂತ್ರ ಕಟ್ಟುವವನ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ; ನನ್ನ ದುರ್ದೈವಕ್ಕೆ ಎಲ್ಲವೂ ಮನೆ ಮಾಲಕ ದಂಪತಿಯ ಕಣ್ಣೆದುರೇ ಆದವು. ಆಗ ನನಗೆ ವಾಡಿಯಲ್ಲಿ ಫಿಟರ್ ಕೆಲಸ, ಶಹಾಬಾದಿನಲ್ಲಿ ಮಾಲಕರ ಮನೆಯ ಮಾಳಿಗೆ ಮೇಲೆ ಬಾಡಿಗೆ ಖೋಲಿ. ಕಂಪ್ಯೂಟರ್ ಹೇಳಿದಂತೆ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಮೇಲೆ ಅಕ್ಷರ ಕೆತ್ತುವ ಯಂತ್ರ ಕಟ್ಟುವ ಹುಚ್ಚು. ಆ ಸದ್ದು, ಧೂಳು ಸಹಿಸುವ ಖೋಲಿ ಊರಲ್ಲಿ ಇನ್ನೊಂದಿರಲಿಲ್ಲ. ಅದು ಹೋದರೆ ಯಂತ್ರವೂ ಹೋದಂತೆಯೇ.

೧. ಹಳೆ ಪ್ರಿಂಟರಿನದು

ಮೊದಲು ಗುಜರಿಯ ಪ್ರಿಂಟರುಗಳಿಂದ ಸ್ಟೆಪ್ಪರ್ ಮೋಟಾರು ಕಿತ್ತು ತಂದೆ. ಹೆಜ್ಜೆ ಎಣಿಸಿಕೊಂಡು ತಿರುಗುವ ಜಾತಿ. ಒಂದು ಮಧ್ಯಾಹ್ನ ಊರಿಗೇ ಕರೆಂಟ್ ಇಲ್ಲ. ಮಾಳಿಗೆಗೆ ಹಪ್ಪಳ ಒಣಗಿಸಲು ಬಂದ ಮಾಲಕರ ಹೆಂಡತಿ, ಮೋಟಾರಿಗೆ ಜೋಡಿಸಿ ಅಡ್ಡವಿದ್ದ ಯಂತ್ರದ ಹಲಗೆಯನ್ನು ಆಚೆ ನೂಕಿದರು. ಯಂತ್ರದ ಬೋರ್ಡಿನ ಕೆಂಪು ದೀಪ ಹತ್ತಿತು. ಕೈ ತೆಗೆದರು, ಆರಿತು. ಮತ್ತೆ ನೂಕಿದರು, ಮತ್ತೆ ಹತ್ತಿತು.

"ಮೋಟಾರು ತಿರುವಿದ್ರ ಅದೇ ಕರೆಂಟ್ ಹುಟ್ಟಸ್ತದ್ರಿ ಅವ್ವಾ," ಎಂದೆ.

"ಇಡೀ ಊರಿಗಿಲ್ಲದ ಕರೆಂಟ್ ನಾ ಮುಟ್ಟಿದ್ರ ಬರ್ತದೇನ್ರಿ?"

ಅಂದಿನಿಂದ ಕರೆಂಟ್ ಹೋದಾಗಲೆಲ್ಲ ಮಾಲಕರು ಹೆಂಡತಿಯಿಂದ ಸ್ವಲ್ಪ ದೂರವೇ ಕೂರತೊಡಗಿದರು.

೨. ಹೈದರಾಬಾದಿನದು

ಪ್ರಿಂಟರಿನ ಮೋಟಾರಿಗೆ ಕಲ್ಲು ಕೆತ್ತುವ ತಾಕತ್ತು ಸಾಲದೆಂದು ಹೈದರಾಬಾದಿನಿಂದ ಸರ್ವೋ ಮೋಟಾರು ತಂದೆ. ಇದು ತನ್ನ ಜಾಗ ತಾನೇ ಕಾಯುತ್ತದೆ, ಸರಿಸಿದರೆ ಮರಳುತ್ತದೆ. ಸುಮ್ಮನಿರುವಾಗಲೂ ಸಣ್ಣಗೆ ನಡುಗುತ್ತ ಗುಂಯ್‌ಗುಡುತ್ತದೆ. ಈ ಸದ್ದೇನೆಂದು ವಿಚಾರಿಸಲು ಬಂದ ಮಾಲಕರು ಹಲಗೆಯನ್ನು ಒಂದೇ ಬೆರಳಿನಿಂದ ನೂಕಿ ನೋಡಿದರು. ಅದು ನಿಧಾನವಾಗಿ ಬೆರಳನ್ನು ವಾಪಸ್ ತಳ್ಳಿತು.

ಮಾಲಕರು ಹಣೆಯ ವಿಭೂತಿ ಮುಟ್ಟಿಕೊಂಡರು. "ನೀವು ಹೇಳಲಾರದ ಇನ್ನೊಂದು ಸಲ ಇದು ಏನರ ಮಾಡ್ತಂದ್ರ ಅವತ್ತೇ ಖೋಲಿ ಖಾಲಿ ಮಾಡ್ರಿ. ಮನಿ ನಂದು, ನನ್ನೇ ದಬ್ಬಾಕತ್ತದಲ್ರಿ!"

೩. ಹೆಸರಿನ ಫರ್ಸಿ

ಸರ್ವೋ ಬಿಚ್ಚಿ ದೊಡ್ಡ ಸ್ಟೆಪ್ಪರ್ ಹಾಕಿದೆ. ಇನ್ನು ನಡೆಸುವ ಸಾಫ್ಟ್‌ವೇರು. ವಿಂಡೋಸಿನದು ನಡುವೆ ಮೈಮರೆತು ಕಲ್ಲು ಕೆಡಿಸುತ್ತಿತ್ತು. ಹಳೆಯ ಡಾಸಿನದನ್ನೇ ಆರಿಸಿದೆ. ಕರೆಂಟ್ ಹೋಗಿ ಬಂದರೆ ಉಳಿಸಿಟ್ಟ ಕೆಲಸ ತಾನೇ ಶುರುವಾಗುವಂತೆ ಜಾಣತನವನ್ನೂ ಮಾಡಿದೆ.

ಮಾಲಕರನ್ನು ಒಲಿಸಿಕೊಳ್ಳಲು ಅವರ ಬಾಗಿಲಿಗೆ ಹೆಸರು ಕೆತ್ತಿಕೊಡೋಣವೆಂದು ಫರ್ಸಿ ಬಿಗಿದೆ. ಹಿಂದೊಂದು ಸಮಾಧಿಯ ಕಲ್ಲಿಗೆ ಕಂಪ್ಯೂಟರಿನಲ್ಲಿ ಮಾಡಿದ್ದ ಅಕ್ಷರ ಚೆಂದವಿದ್ದವು. ಆ ಫೈಲಿನಲ್ಲೇ ಹೆಸರು ಬದಲಿಸಿ ಉಳಿಸಿದೆ. 'ಲಿಂಗೈಕ್ಯ' ಅಳಿಸುವ ಮೊದಲೇ ಕರೆಂಟ್ ಹೋಯಿತು. ಮಾಲಕರು ಚಹಾಕ್ಕೆ ಕರೆದರು, ಇಳಿದೆ. ಕರೆಂಟ್ ಬಂದದ್ದೇ ಪಕ್ಕದ ಹಿಟ್ಟಿನ ಗಿರಣಿ ಗದ್ದಲ ಎಬ್ಬಿಸಿತು. ಮೇಲಿನ ಸದ್ದು ಕೇಳಿಸಲೇ ಇಲ್ಲ.

ಗಿರಣಿ ನಿಂತ ಮೇಲೆ ಇಬ್ಬರೂ ಹತ್ತಿ ಹೋದೆವು. ಯಾರೂ ಇಲ್ಲದ ಖೋಲಿಯಲ್ಲಿ, ಬಿಳಿ ಧೂಳಿನ ನಡುವೆ, ಯಂತ್ರ ತಾನೇ ಬರೆಯುತ್ತಿತ್ತು. 'ಲಿಂಗೈಕ್ಯ ಶ್ರೀ', ಮುಂದೆ ಮಾಲಕರ ಹೆಸರು. ಕೆಳಗೆ 'ಅಗಲಿದ ದಿನ' ಎಂದು ಮುಗಿಸಿ, ಸೂಜಿ ಮೇಲೆತ್ತಿ, ತಾರೀಖಿನ ಜಾಗಕ್ಕೆ ಸರಿಯಿತು. ಹಾರಿ ಹೋಗಿ ಪ್ಲಗ್ ಕಿತ್ತೆ.

ಮಾಲಕರು ಗೋಡೆ ಹಿಡಿದು ನಿಂತಿದ್ದರು. ಮುಗಿಯಿತು ನನ್ನ ಕಥೆ ಎಂದುಕೊಂಡು, "ಇವತ್ತೇ ಖಾಲಿ ಮಾಡ್ತೀನ್ರಿ," ಎಂದೆ.

"ಏ, ಬ್ಯಾಡ್ರಿ!" ನನ್ನ ತೋಳು ಗಟ್ಟಿಯಾಗಿ ಹಿಡಿದರು. "ಬ್ಯಾರೆ ಕಡಿ ಪ್ಲಗ್ ಹಚ್ಚಿದ್ರ ಅದು ನನ್ನ ತಾರೀಖು ಬರೀತದ. ನಾ ಇರೋತನಕ ನೀವು ಇಲ್ಲೇ ಇರ್ರಿ."