ಸುಮ್ಮನಿದ್ದವರ ಮೇಲೆ ಅನುಮಾನ

ತನ್ನ ಮದುವೆಯ ಮೊಳಕಾಲ್ಮೂರು ರೇಷ್ಮೆ ಸೀರೆಯನ್ನು ಯಾರೋ ಕತ್ತರಿಯಲ್ಲಿ ತುಂಡು ತುಂಡು ಮಾಡಿದ ದಿನ ಬೀದಿಗೆಲ್ಲ ಬೆಲ್ಲ ಹಂಚಿದ ಹೆಂಗಸನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅಷ್ಟೇ ಅಲ್ಲ, ಅವಳ ಕೈತುತ್ತು ತಿಂದೇ ಬೆಳೆದಿದ್ದೇನೆ. ಸೀರೆ ಕತ್ತರಿಸಿದವಳೂ ನಾನೇ! ಅವಳು ನನ್ನ ಸೋದರತ್ತೆ. ನನಗೆ ನಾಲ್ಕು ತುಂಬುವ ಮೊದಲೇ ಅವ್ವ ತೀರಿಕೊಂಡಳು. ಲಾರಿ ಓಡಿಸುತ್ತಿದ್ದ ಅಪ್ಪ ನನ್ನನ್ನು ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರಕ್ಕೆ ತಂದು ತಂಗಿಯ ಮಡಿಲಿಗೆ ಹಾಕಿದ.

ಅತ್ತೆಯ ಕಾಯಿಲೆ ಒಂದೇ, ಅನುಮಾನ. ಹಾಲಿನವನ ಮೇಲೆ, ಬಸ್ ಕಂಡಕ್ಟರನ ಮೇಲೆ ಎಲ್ಲರಿಗೂ ಇರುತ್ತದೆ ಬಿಡಿ. ಅತ್ತೆಯದು ಬೇರೆಯೇ ಥರದ್ದು. ಗಲಾಟೆ ಮಾಡುವವರನ್ನು ಅವಳು ಕಣ್ಣುಮುಚ್ಚಿ ನಂಬುತ್ತಾಳೆ. ಸುಮ್ಮನಿರುವವರನ್ನು ಕಂಡರೆ ಮಾತ್ರ ಹುಬ್ಬು ಮೇಲೇರುತ್ತದೆ!

ನಾನು ಮೂಲೆಯಲ್ಲಿ ಪುಸ್ತಕ ಹಿಡಿದು ಕೂತರೆ ಸಾಕು, ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದಳು.

"ಏನೇ ಮಾಡ್ತಿದೀಯಾ?"

"ಓದ್ತಿದೀನಿ ಅತ್ತೆ."

"ಓದ್ತಿದೀಯೋ, ಪುಸ್ತಕ ಹಿಡ್ಕಂಡು ಸುಮ್ನೆ ಕೂತಿದೀಯೋ?"

ನನ್ನನ್ನು ಕಳ್ಳಿಯನ್ನು ಕಾದಂತೆ ಕಾಯುತ್ತಾಳಲ್ಲ ಎಂಬ ಸಿಟ್ಟು ನಲವತ್ತು ದಾಟಿದರೂ ನನಗೆ ಇಳಿದಿರಲಿಲ್ಲ.

ನನ್ನನ್ನು ನೋಡಲು ಬಂದ ಮೊದಲ ವರ ತಲೆ ತಗ್ಗಿಸಿ ಕೂತಿದ್ದ. "ನಮ್ಮ ಹುಡುಗ ಬಾಳ ಸಾಧು ಕಣ್ರಿ" ಎಂದಳು ಅವನ ತಾಯಿ. ಅತ್ತೆ ಉಪ್ಪಿಟ್ಟಿನ ತಟ್ಟೆಯನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡು, "ಎಷ್ಟನೇ ವಯಸ್ಸಿಗೆ ಹಾಸ್ಟೆಲ್ಲಿಗೆ ಹಾಕಿದ್ರಿ?" ಎಂದಳು.

"ಆರಕ್ಕೆ."

"ಹಂಗಾರೆ ಅದು ಸಾಧು ಅಲ್ಲ ಕಣ್ರಿ. ಇನ್ನೆರಡು ವರ್ಷ ನಿಮ್ಮ ಕೈಯಾರೆ ರೊಟ್ಟಿ ತಿನ್ಸಿ, ಆಮೇಲೆ ಕರ್ಕಂಡ್ ಬರ್ರಿ!"

ಅವರು ಉಪ್ಪಿಟ್ಟನ್ನೂ ತಿನ್ನದೆ ಎದ್ದು ಹೋದರು.

ಮೊನ್ನೆ ದಸರಾ ರಜೆಗೆ ಊರಿಗೆ ಬಂದಿದ್ದ ನನ್ನನ್ನೂ ಚಳ್ಳಕೆರೆಯ ಕುರಿ ಸಂತೆಗೆ ಎಳೆದುಕೊಂಡು ಹೋದಳು. ಬಿಳಿ ಅಂಗಿಯ ವ್ಯಾಪಾರಿಯೊಬ್ಬ ಒಂದು ಮರಿಯನ್ನು ಮುಂದೆ ನಿಲ್ಲಿಸಿದ. "ನೋಡಮ್ಮಾ, ಎಂಥ ಸಾಧು ಮರಿ! ಬಿಟ್ಟ ಕಡೆ ನಿಂತಿರ್ತೈತೆ. ಚಾಲಾ ಮಂಚಿದಮ್ಮಾ!" ಎಂದು ತೆಲುಗಿನಲ್ಲೂ ಬಾಳ ಒಳ್ಳೇದೆಂದು ಹೊಗಳಿದ.

ಅತ್ತೆಯ ಹುಬ್ಬು ಮೇಲೇರಿತು. "ತಾಯಿ ಹಾಲು ಎಷ್ಟು ದಿನ ಕುಡೀತು?"

"ಮೂರು ತಿಂಗಳು ಕುಡಿದೈತೆ, ದೇವರಾಣೆ!"

ಅತ್ತೆ ಮರಿಯ ಬಾಯಿ ಬಿಡಿಸಿ ನೋಡಿದಳು. "ಹುಟ್ಟಿ ತಿಂಗಳೇ ತುಂಬಿಲ್ಲ, ಮೂರು ತಿಂಗಳು ಹೆಂಗೆ ಕುಡೀತಪ್ಪಾ? ಎಲ್ಲಿ, ಬಗ್ಗು!"

"ಯಾರು, ನಾನಾ?"

"ನೀನಲ್ದೆ ಇನ್ಯಾರು? ತಾಯಿ ಜೊತೆ ಬೆಳೆದ ಮರಿ ಎತ್ತರ ಕಂಡ್ರೆ ಹತ್ತದೆ ಬಿಡಲ್ಲ."

ಪಾಪ, ವ್ಯಾಪಾರ ಕೆಡಬಾರದೆಂದು ಅವನು ಮಂಡಿಯೂರಿ ಬಗ್ಗಿದ. ಪಕ್ಕದವನ ಮರಿಗಳು ಮೂರು ಒಂದರ ಹಿಂದೊಂದು ಅವನ ಬೆನ್ನೇರಿದವು. ಒಂದು ಅಂಗಿಯನ್ನೂ ಒದ್ದೆ ಮಾಡಿತು! ಸಂತೆಗೆ ಸಂತೆಯೇ ನಕ್ಕಿತು. ನಮ್ಮೆದುರಿನ ಮರಿ ಮಾತ್ರ ನಿಂತಲ್ಲೇ ನಿಂತಿತ್ತು. ಸರಿ, ಇದು ನಪಾಸಾಯಿತು ಎಂದುಕೊಂಡೆ. ಅತ್ತೆ ಕೊಂಡದ್ದು ಅದನ್ನೇ!

ಊರಲ್ಲಿ ಮಾವ ತಲೆ ಚಚ್ಚಿಕೊಂಡರು. "ಇದು ಬದುಕೋ ಮರಿ ಅಲ್ಲ ಕಣೇ! ಬರೋ ಸಂತೆ ತಂಕ ನೋಡ್ತೀನಿ. ಹಿಂಗೇ ನಿಂತಿದ್ರೆ ಬಂದ ರೇಟಿಗೆ ಕೊಟ್ಟು ಬರ್ತೀನಿ."

ಮರಿ ಗೋಡೆಗೆ ಮುಖ ಮಾಡಿ ನಿಂತಿರುತ್ತಿತ್ತು. ಬಾಟಲಿಯಲ್ಲಿ ಹಾಲು ಕೊಟ್ಟರೆ ಕುಡಿಯುತ್ತಿತ್ತು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಅತ್ತೆ ಅದನ್ನು ಕಂಬಳಿಯಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡೇ ಒಲೆ ಮುಂದೆ ಕೂರುತ್ತಿದ್ದಳು.

"ಅರಚೋದಿಲ್ಲ, ಹಾಯಾಗೈತಲ್ಲ ಅತ್ತೆ," ಎಂದೆ.

"ಹಾಯಾಗಿರೋದಲ್ಲ ಅದು. ಕರೆದ್ರೆ ಅವ್ವ ಬರಲ್ಲ ಅಂತ ಗೊತ್ತಾಗೈತೆ. ಅದ್ಕೇ ಕರೆಯೋದು ಬಿಟ್ಟೈತೆ," ಎಂದು ಒಲೆಗೆ ಇನ್ನೊಂದು ಸೌದೆ ನೂಕಿದಳು.

ಸಂತೆಗೆ ಇನ್ನೊಂದೇ ದಿನ ಉಳಿದಿತ್ತು. ಮಧ್ಯಾಹ್ನ ಮಾವ ಜಗಲಿಯ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. ಅವರ ಹೊಟ್ಟೆ ಗೊತ್ತಲ್ಲ, ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ತಮ್ಮನಾಗಬೇಕು! ಮರಿ ಗೋಡೆಯಿಂದ ಮುಖ ತಿರುಗಿಸಿತು. ಹೊಟ್ಟೆ ಏರಿ ಇಳಿಯುವುದನ್ನು ನೋಡಿತು. ನಾಲ್ಕು ಹೆಜ್ಜೆ ಓಡಿ ಬಂದು ಛಂಗನೆ ಅದರ ಮೇಲೆ ನೆಗೆಯಿತು! "ಅಯ್ಯಯ್ಯಪ್ಪಾ! ಸತ್ನಲ್ಲೇ!" ಎಂದು ಮಾವ ಒದ್ದಾಡಿದ ರಭಸಕ್ಕೆ ಪಕ್ಕದಲ್ಲಿದ್ದ ಮಜ್ಜಿಗೆ ಚೊಂಬು ಉರುಳಿತು.

ಅತ್ತೆ ಅಡುಗೆಮನೆಯಿಂದ ಓಡಿ ಬಂದಳು. ಕೈಯಲ್ಲಿ ಒನಕೆ ಇರಬಹುದೆಂದು ನೋಡಿದರೆ, ಬೆಲ್ಲದ ಉಂಡೆ! ಅದನ್ನು ಒಡೆದು ತಟ್ಟೆಗೆ ಹಾಕಿ, ತಟ್ಟೆಯನ್ನು ನನ್ನ ಕೈಗಿಟ್ಟು ಬೀದಿಗಿಳಿದಳು.

"ಗಂಡನ ಹೊಟ್ಟೆ ತುಳಿದಿದ್ದಕ್ಕೆ ಬೆಲ್ಲಾನಾ?" ಎಂದು ಪಕ್ಕದ ಮನೆಯವಳು ಬಾಯಿ ಬಿಟ್ಟಳು. ನಾನು ಕೈಯಲ್ಲಿದ್ದ ಬೆಲ್ಲದ ತಟ್ಟೆಯನ್ನೇ ನೋಡಿದೆ.

"ಅತ್ತೆ, ಅವತ್ತು ಸೀರೆ ಕತ್ತರಿಸಿದಾಗ್ಲೂ..."

"ಹೂಂ ಮತ್ತೆ! ಬಂದು ಎಂಟು ತಿಂಗಳಾದ್ರೂ ನೀನು ಒಂದು ಲೋಟ ಸೈತ ಬೀಳ್ಸಿರಲಿಲ್ಲ. ಉಣ್ಣು ಅಂದ್ರೆ ಉಣ್ತಿದ್ದೆ, ಮಲಗು ಅಂದ್ರೆ ಮಲಗ್ತಿದ್ದೆ. ಎಂಥ ಸಾಧು ಮಗು ಅಂತ ಬೀದಿಯೋರೆಲ್ಲ ಹೊಗಳೋರು. ನಂಗೆ ಹೊಟ್ಟೇಲಿ ಬೆಂಕಿ ಬಿದ್ದಂಗಾಗೋದು. ಅವತ್ತು ಸೀರೆ ಚೂರು ಚೂರು ಮಾಡಿ, ನನ್ನ ಮುಖ ನೋಡಿ ಕಿಸಕ್ಕಂತ ನಕ್ಕೆ. ಸೀರೆ ಹೋದ್ರೆ ಹೋಗ್ಲಿ, ಮಗು ಸಿಕ್ತಲ್ಲ ಅಂದ್ಕಂಡೆ."

ನನಗೆ ದುಃಖ ಉಕ್ಕಿ ಬಂತು. ಮಾತು ಹೊರಡದೆ ಬೀದಿಯ ನಡುವೆ ತಟ್ಟೆ ಹಿಡಿದು ನಿಂತೆ. ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ ಅತ್ತೆ ಗಕ್ಕನೆ ನಿಂತು ಹಿಂತಿರುಗಿದಳು. ಹುಬ್ಬು ಮೇಲೇರಿತ್ತು.

"ಯಾಕೇ, ಸುಮ್ನಾಗ್ಬಿಟ್ಟೆ?"