ಒಬ್ಬನೇ ಸೈನಿಕನ ಯುದ್ಧ

ಅಮ್ಮ ಒದ್ದೆ ಲಂಗ ಹಿಂಡಿ ತಂತಿಗೆ ಹಾಕುತ್ತಿದ್ದಳು, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಗಳ ಶಾಲೆಯ ಹೆಡ್‌ಮಿಸ್ಸು.

“ಏನಮ್ಮಾ ಮಾಡಿಟ್ಟಿದ್ದೀರಾ? ಸಂಜೆ ನಾಟಕ! ಬಾಡಿಗೆ ಅಂಗಡಿಯಿಂದ ಒಬ್ಬನೇ ಒಬ್ಬ ಸೈನಿಕನ ವೇಷ ಬಂದಿದೆ. ಅವನು ಯುದ್ಧ ಮಾಡೋದು ಯಾರ ಜೊತೆ, ಕನ್ನಡಿ ಜೊತೇನಾ?”

ವೇಷಗಳನ್ನು ಕೋರುವ ವೆಬ್ ಪುಟ ಬರೆದವಳು ಅಮ್ಮನೇ. ಅವಸರದ ಅಪ್ಪಂದಿರು ಗುಂಡಿಯನ್ನು ಎರಡೆರಡು ಸಲ ಒತ್ತುತ್ತಾರೆಂದು ಕೋರಿಕೆಗಳನ್ನೆಲ್ಲ ಪ್ರೋಗ್ರಾಮಿನಲ್ಲಿ ‘ಸೆಟ್’ ಎಂಬ ಪಟ್ಟಿಗೆ ಸುರಿದಿದ್ದಳು. ಸೆಟ್ ಎಂದರೆ ಹಟಮಾರಿ ಕಾವಲುಗಾರ. ಒಳಗಿರುವಂಥದ್ದೇ ಇನ್ನೊಂದು ಬಂದರೆ ‘ನೀನಾಗಲೇ ಬಂದಾಯ್ತಲ್ಲ’ ಎಂದು ಅಟ್ಟಿಬಿಡುತ್ತಾನೆ. ಆದರೆ ಅವಳು ಮಕ್ಕಳ ಹೆಸರು ಬಿಟ್ಟು ವೇಷದ ಹೆಸರನ್ನಷ್ಟೇ ಹಾಕಿದ್ದಳು. ದಂಡೆಲ್ಲ ಒಬ್ಬ ಸೈನಿಕನಾಯಿತು, ಕಾಡೆಲ್ಲ ಒಂದು ಮರ, ಮಂದೆಯೆಲ್ಲ ಒಂದು ಕುರಿ.

ವಾರದಿಂದ ಮನೆತುಂಬ ‘ಬ್ಯಾ’ ಎನ್ನುತ್ತಿದ್ದ ಮಗಳು ಗುಬ್ಬಿಯ ತುಟಿ ನಡುಗಿತು.

“ಅಳಬೇಡ ಚಿನ್ನಾ, ನೀನು ಕುರಿ ಆಗೇ ಆಗ್ತೀಯ.”

ಪಕ್ಕದ ಮನೆಯ ಅಕ್ಕ ಗೋಡೆಯಾಚೆಯಿಂದ ಇಣುಕಿದಳು. “ಬಾಯಲ್ಲಿ ಹೇಳಿ ತರಿಸಿದ್ರೆ ಸಾಕು ಅಂತ ನಾನು ಬಡ್ಕೊಂಡೆ!”

ಅಮ್ಮ ಒದ್ದೆ ಕೈಯಲ್ಲೇ ಕಂಪ್ಯೂಟರ್ ಮುಂದೆ ಕೂತಳು. ಮಗುವಿನ ಹೆಸರು, ವೇಷದ ಹೆಸರು ಎರಡನ್ನೂ ಸೇರಿಸಿ ಗಂಟು ಕಟ್ಟಿ ಸೆಟ್‌ನೊಳಗೆ ಹೋಗುವಂತೆ ಮಾಡಿದಳು.

“ಈಗ ಒತ್ತಿ ಮಿಸ್.”

“ಒತ್ತಿದೆ. ಏನೂ ಕಾಣ್ತಿಲ್ಲ!”

“ಸ್ವಲ್ಪ ತಾಳಿ.”

“ತಾಳೋಕೆ ಪುರುಸೊತ್ತೆಲ್ಲಿದೆ ನಂಗೆ?” ಫೋನಿನಲ್ಲಿ ಟಕಟಕ ಸದ್ದು, ಮರಕುಟಿಗ ಮರ ಕುಟ್ಟಿದ ಹಾಗೆ.

ಸಂಜೆ ಶಾಲೆಯ ಮುಂದೆ ಬಾಡಿಗೆ ಅಂಗಡಿಯ ವ್ಯಾನಿನ ಬಾಗಿಲು ತೆಗೆದರೆ ಕಿರೀಟಗಳು ಆಲೂಗಡ್ಡೆಯಂತೆ ಉರುಳಿಬಿದ್ದವು. ಅಷ್ಟೂ ರಾಜನವೇ! ಅಮ್ಮನಿಗೆ ಆಗ ಹೊಳೆಯಿತು. ಆ ಕಾವಲುಗಾರ ಗಂಟು ಬಿಚ್ಚಿ ನೋಡುವವನಲ್ಲ; ಒಳಗಿನ ಸಾಮಾನು ಒಂದೇ ಆದರೂ ಸೆಟ್‌ನ ಕಣ್ಣಿಗೆ ಪ್ರತಿ ಗಂಟೂ ಬೇರೆಯದೇ. ಪುಟದಲ್ಲಿ ಮೊದಲಿಗಿದ್ದ ರಾಜನ ಗುಂಡಿಯನ್ನು ಹೆಡ್‌ಮಿಸ್ಸು ಎಷ್ಟು ಸಲ ಕುಟ್ಟಿದ್ದರೋ, ಅಷ್ಟೂ ಗಂಟುಗಳು ಒಳಹೊಕ್ಕಿದ್ದವು. ಸೈನಿಕರಿಗೆ ವ್ಯಾನಿನಲ್ಲಿ ಜಾಗವೇ ಉಳಿದಿರಲಿಲ್ಲ.

“ನೋಡಿ, ಮತ್ತೆ ನಿಮ್ಮದೇ ತಪ್ಪು!” ಎಂದರು ಹೆಡ್‌ಮಿಸ್ಸು.

ಪರದೆ ಏಳುವ ಹೊತ್ತಾಗಿತ್ತು. ಸಿಕ್ಕಸಿಕ್ಕ ತಲೆಗೆಲ್ಲ ಕಿರೀಟ ಕೂರಿಸಿದರು. ಇದ್ದ ಒಬ್ಬ ಸೈನಿಕನೂ ಕತ್ತಿ ಬಿಸಾಡಿ ರಾಜನಾದ, ಮರವೂ ಕೊಂಬೆ ಕಳಚಿ ಪಟ್ಟಕ್ಕೇರಿತು. ಕುರಿಯ ತೊಗಲು ಮಾತ್ರ ಗುಬ್ಬಿಗೆ ದಕ್ಕಿತು. ‘ಅಬ್ಬಾ, ಕೊಟ್ಟ ಮಾತು ಉಳೀತು’ ಎಂದು ಅಮ್ಮ ಮುಂದಿನ ಸಾಲಿನಲ್ಲಿ ಹಿಗ್ಗಿ ಕೂತಳು.

ಪರದೆ ಎದ್ದದ್ದೇ ತಡ, ರಾಜರೆಲ್ಲ ಒಂದೇ ಉಸಿರಿಗೆ “ಯಾರಲ್ಲಿ?” ಎಂದು ಅಬ್ಬರಿಸಿದರು. ಸಭೆ ಬಿದ್ದುಬಿದ್ದು ನಕ್ಕಿತು. ಗುಬ್ಬಿ ‘ಬ್ಯಾ’ ಎನ್ನಲು ತೆರೆದ ಬಾಯಿ ಹಾಗೇ ಬಿಟ್ಟುಕೊಂಡು ಅತ್ತ ನೋಡಿದಳು, ಇತ್ತ ನೋಡಿದಳು. ಕಡೆಗೆ ವೇದಿಕೆಯ ಅಂಚಿಗೆ ತೆವಳಿ ಬಂದು, ಎಲ್ಲರಿಗೂ ಕೇಳುವಂತೆ ಕೇಳಿಯೇಬಿಟ್ಟಳು:

“ಅಮ್ಮಾ, ಇಷ್ಟೂ ಜನದ ಕೆಲಸ ನಾನೊಬ್ಳೇ ಮಾಡ್ಬೇಕಾ?”